ಉರಿಯುವ ಮಚ್ಚೆ, ಸಿಗದ ನಾಡಿ

ತೊಡೆಯ ಮೇಲೆ, ಮೀನಖಂಡದಲ್ಲಿ, ಕಿಬ್ಬೊಟ್ಟೆಯಲ್ಲಿ ಅಥವಾ ಸ್ತನದ ಮೇಲೆ ಕೆಂಗಪ್ಪು ಮಚ್ಚೆಯೊಂದು ಏಳುತ್ತದೆ. ನಿಧಾನವಾಗಿ ಅಂಗೈಯಗಲ ಹರಡುತ್ತದೆ. ಮುಟ್ಟಿದರೆ ಗಟ್ಟಿ, ಒತ್ತಿದರೆ ಜೀವ ಹೋಗುವಂಥ ನೋವು. ವಾರದಲ್ಲಿ ಮಾಯುವುದಿಲ್ಲ, ತಿಂಗಳಾದರೂ ಮಾಯುವುದಿಲ್ಲ. ಕೆಲವರಲ್ಲಿ ನಟ್ಟನಡುವೆ ಹುಣ್ಣಾಗಿ ಕರಿ ಹಕ್ಕಳೆ ಕಟ್ಟುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಡಿಫ್ಯೂಸ್ ಡರ್ಮಲ್ ಆಂಜಿಯೊಮಟೋಸಿಸ್ ಎಂದು ಹೆಸರು. ಒಳಚರ್ಮದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಮಿತಿಮೀರಿ ಹುಟ್ಟಿಕೊಳ್ಳುವ ರೋಗ ಇದು. ಪ್ರತ್ಯೇಕ ರೂಪವೆಂದು ವೈದ್ಯ ಪತ್ರಿಕೆಯಲ್ಲಿ ಮೊದಲು ದಾಖಲಾದದ್ದು 1994ರಲ್ಲಿ. ಇದು ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಅಫಜಲಪುರ ತಾಲೂಕಿನ ಅತನೂರ ಸೀಮೆಯ ಜನರ, ಆಳಂದ ಮತ್ತು ಜೇವರ್ಗಿ ಕಡೆಯಿಂದ ಬರುವವರ ಚರ್ಮ ನೋಡುವುದೇ ನನ್ನ ಕಸುಬು. ಈ ರೋಗ ನಮ್ಮಲ್ಲೂ ಅಪರೂಪ. ಆದರೆ ಇದನ್ನು ಹುಟ್ಟಿಸುವ ಬೀಡಿ, ಸಕ್ಕರೆ ಕಾಯಿಲೆ, ಬಿ.ಪಿ., ಕಟ್ಟಿಕೊಂಡ ರಕ್ತನಾಳ ಯಾವುವೂ ಅಪರೂಪವಲ್ಲ. ಹಾಗಾಗಿ ಇದನ್ನು ಗುರುತಿಸಲು ಕಲಿತವರು ಇನ್ನೂ ಅನೇಕರ ಕಾಲು ಉಳಿಸಬಲ್ಲರು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು ಮತ್ತು ಮನೆಯಲ್ಲಿ ಇಂಥ ಮಚ್ಚೆ ಇಟ್ಟುಕೊಂಡು ಚಿಂತೆ ಮಾಡುತ್ತಿರುವವರು ನನ್ನ ಕಣ್ಣ ಮುಂದಿದ್ದಾರೆ. ರೋಗಿಗಳ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

1. ಜೋಮು ಹಿಡಿದಿದೆಯೋ ನೋವಿದೆಯೋ, ಮೊದಲು ಕೇಳಿ

ನಮ್ಮ ಊರುಗಳಲ್ಲಿ ಮಾಯದ ಮಚ್ಚೆ ಎಂದರೆ ಮನೆಮಂದಿಯ ಮನಸ್ಸಿಗೆ ಮೊದಲು ಬರುವುದು ಕುಷ್ಠ. ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ. ತಾಟು ಬೇರೆ ಇಡುತ್ತಾರೆ, ಹಾಸಿಗೆ ಬೇರೆಯಾಗುತ್ತದೆ, ಮಗಳ ಮದುವೆಯ ಮಾತು ಮುಂದಕ್ಕೆ ಹೋಗುತ್ತದೆ. 2005ರ ಡಿಸೆಂಬರಿನಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಾರೆ. ಆದ್ದರಿಂದ ಆ ಅನುಮಾನ ತಪ್ಪಲ್ಲ, ಅದನ್ನು ಅಲ್ಲೇ ಬಗೆಹರಿಸದೆ ಬಿಡುವುದು ತಪ್ಪು.

ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ತಿಳಿಯುವುದಿಲ್ಲ. ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಬೆವರು ಮತ್ತು ಕೂದಲು ಕಡಿಮೆಯಾಗಿದೆಯೇ, ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ನೋಡಿ. ನಾನು ಹೇಳುತ್ತಿರುವ ರಕ್ತನಾಳದ ಮಚ್ಚೆಯಲ್ಲಿ ಹತ್ತಿಯ ಎಳೆ ತಾಗಿದ್ದು ತಿಳಿಯುತ್ತದೆ, ಬೆರಳು ಒತ್ತಿದರಂತೂ ರೋಗಿ ಕೈ ತಳ್ಳುತ್ತಾನೆ. ಒಂದು ಎಚ್ಚರ ಬೇಕು. ಕುಷ್ಠರೋಗದಲ್ಲೇ ರಿಯಾಕ್ಷನ್ ಎಂಬ ಹಂತದಲ್ಲಿ ಹಳೆಯ ಮಚ್ಚೆಗಳು ದಿಢೀರನೆ ಕೆಂಪಗೆ ಉಬ್ಬಿ ನೋಯುತ್ತವೆ. ಅದಕ್ಕೆ ತಡಮಾಡದೆ ಚಿಕಿತ್ಸೆ ಕೊಡದಿದ್ದರೆ ಕೈಕಾಲಿನ ಶಕ್ತಿಯೇ ಹೋಗಬಹುದು. ಹಾಗಾಗಿ ನೋವಿದೆ ಎಂದಮಾತ್ರಕ್ಕೆ ನರಗಳ ಪರೀಕ್ಷೆ ಬಿಡಬಾರದು.

ಎರಡನೆಯ ಅನುಮಾನ ಸರ್ಪಸುತ್ತು. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ಬರುತ್ತಾರೆ. ಸರ್ಪಸುತ್ತಿನಲ್ಲಿ ಗುಂಪು ಗುಂಪಾಗಿ ನೀರುಗುಳ್ಳೆ ಏಳುತ್ತವೆ, ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಸಾಗುತ್ತವೆ, ಎರಡು ಮೂರು ವಾರದಲ್ಲಿ ಒಣಗುತ್ತವೆ. ಗುಳ್ಳೆಯೇ ಏಳದೆ ತಿಂಗಳಾನುಗಟ್ಟಲೆ ಇದ್ದ ಜಾಗದಲ್ಲೇ ಬೆಳೆಯುವ ನೋವಿನ ಮಚ್ಚೆಗೆ ಆ ಹೆಸರು ಹೊಂದುವುದಿಲ್ಲ.

2. ಬಣ್ಣವನ್ನು ಬಿಸಿಲ ಬೆಳಕಿನಲ್ಲಿ ನೋಡಿ

ಪುಸ್ತಕಗಳಲ್ಲಿ ಈ ಮಚ್ಚೆ ನೇರಳೆ, ಬಲೆ ಹೆಣೆದಂತೆ ಇರುತ್ತದೆ ಎಂದು ಬರೆದಿರುತ್ತದೆ. ಜೊತೆಗಿನ ಚಿತ್ರಗಳು ಬಹುಮಟ್ಟಿಗೆ ಬಿಳಿ ಚರ್ಮದವು. ಎರೆ ಹೊಲದ ಬಿಸಿಲಲ್ಲಿ ದುಡಿದ ನಮ್ಮವರ ಮೈಮೇಲೆ ಅದೇ ಮಚ್ಚೆ ಹೊಗೆಗಪ್ಪಾಗಿ, ಹಳೆಯ ಗಾಯದ ಕಲೆಯಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದೂ ಕಾಣುವುದಿಲ್ಲ. ರೋಗಿಯನ್ನು ಕಿಟಕಿಯ ಬಳಿ ಕರೆದು, ಇನ್ನೊಂದು ಕಾಲನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಗಾಜಿನ ಸ್ಲೈಡಿನಿಂದ ಮೆಲ್ಲಗೆ ಒತ್ತಿದರೆ ಬಣ್ಣ ಎಷ್ಟು ಮಾಸುತ್ತದೆ ಎಂಬುದು ತಿಳಿಯುತ್ತದೆ. ಅಂಗೈಯ ಹಿಂಬದಿಯಿಂದ ಎರಡೂ ಕಾಲಿನ ಬಿಸಿ ನೋಡಿ. ಒಂದು ತಣ್ಣಗಿದ್ದರೆ ಆ ತಂಪಿನಲ್ಲೇ ಅರ್ಧ ಉತ್ತರ ಸಿಕ್ಕಿತು.

3. ಮಚ್ಚೆ ಮುಟ್ಟಿದ ಕೈ ಪಾದದ ನಾಡಿಗೂ ಹೋಗಲಿ

ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಒಳಚರ್ಮದಲ್ಲಿ ರಕ್ತನಾಳಗಳು ಸುಮ್ಮನೆ ಹೆಚ್ಚುವುದಿಲ್ಲ. ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನಿಂದ ಹರಿಯುವ ಕಾಲುವೆಯನ್ನು ಕಲ್ಪಿಸಿಕೊಳ್ಳಿ. ಮೇಲೆಲ್ಲೋ ಹೂಳು ತುಂಬಿ ಕೊನೆಯ ಹೊಲಗಳಿಗೆ ನೀರು ಮುಟ್ಟದಿದ್ದರೆ ಅಲ್ಲಿನ ರೈತರು ಸುಮ್ಮನಿರುವುದಿಲ್ಲ. ಸಿಕ್ಕ ಸಿಕ್ಕಲ್ಲಿ ಸಣ್ಣ ಹರಿ ತೋಡುತ್ತಾರೆ. ಮೇಲಿಂದ ಬಾರದ ನೀರು ಆ ಹರಿಗಳಿಂದ ಹುಟ್ಟುವುದಿಲ್ಲ, ಹೊಲವೆಲ್ಲ ಅಗೆದು ಹಾಳಾಗುತ್ತದೆ ಅಷ್ಟೆ. ಚರ್ಮದಲ್ಲಿ ನಡೆಯುವುದೂ ಅದೇ. ದೊಡ್ಡ ಅಪಧಮನಿ ಕಟ್ಟಿಕೊಂಡು ಆಮ್ಲಜನಕ ಸಾಲದೆ ಹೋದಾಗ ಅಲ್ಲಿನ ಕೋಶಗಳು ವಿಇಜಿಎಫ್ ಎಂಬ ಸಂಕೇತ ಪದಾರ್ಥವನ್ನು ಬಿಡುತ್ತವೆ. ಹೊಸ ರಕ್ತನಾಳ ಬೆಳೆಸಲು ದೇಹ ಬಳಸುವ ಮುಖ್ಯ ಸಂಕೇತ ಅದು. 1989ರಲ್ಲಿ ಅದನ್ನು ಬೇರ್ಪಡಿಸಿ ಗುರುತಿಸಿದರು. ಆ ಕರೆಗೆ ಓಗೊಟ್ಟು ರಕ್ತನಾಳದ ಒಳಪದರದ ಕೋಶಗಳು ಕೊಲಾಜನ್ ಎಳೆಗಳ ಸಂದುಸಂದಿನಲ್ಲಿ ಹರಡಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕಾಣುವ ಉಬ್ಬು ಮಚ್ಚೆ ಅದೇ.

ಇಷ್ಟು ಅರ್ಥವಾದರೆ ಪರೀಕ್ಷೆಯ ಕ್ರಮ ತಾನಾಗಿಯೇ ಬರುತ್ತದೆ. ತೊಡೆಸಂದಿಯ ನಾಡಿ, ಮೊಣಕಾಲ ಹಿಂದಿನದು, ಹಿಮ್ಮಡಿಯ ಒಳಗೆಣ್ಣಿನ ಹಿಂದಿನದು, ಪಾದದ ಮೇಲಿನದು. ನಾಲ್ಕನ್ನೂ ಎರಡೂ ಕಾಲಲ್ಲಿ ಹುಡುಕಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಆತುರಪಡಬೇಡಿ. ಬೆರಳಿಗೆ ಸಿಗುತ್ತಿರುವುದು ರೋಗಿಯ ನಾಡಿಯೋ ನಿಮ್ಮ ಬೆರಳಿನದೇ ಮಿಡಿತವೋ ಎಂದು ಅನುಮಾನ ಬಂದರೆ ಇನ್ನೊಂದು ಕೈಯಿಂದ ನಿಮ್ಮ ಮಣಿಕಟ್ಟಿನ ನಾಡಿ ಹಿಡಿದು ತಾಳ ಹೋಲಿಸಿ.

ನಂತರ ಕೇಳಬೇಕಾದದ್ದು ನಡಿಗೆಯ ವಿಚಾರ. ‘ಕಾಕಾ, ಮನಿಯಿಂದ ಹೊಲಕ್ಕ ಹೋಗೂದ್ರಾಗ ಎಲ್ಲ್ಯರ ನಿಂದರತೀರೇನು?’ ಎಂದರೆ ಉತ್ತರ ಸಿಗುತ್ತದೆ. ‘ಹೌದ್ರಿ ಸಾಹೇಬ್ರ, ಹಣಮಂದೇವರ ಗುಡಿ ತನಕ ಹೋಗೂದ್ರಾಗ ಪಿಂಡಿ ಹಿಡಿತಾವ್ರಿ, ಒಂದೀಟು ನಿಂತ್ರ ಬಿಡ್ತಾವ್ರಿ.’ ನಡೆದಾಗ ಹಿಡಿದು ನಿಂತಾಗ ಬಿಡುವ ಈ ನೋವು ಅಪಧಮನಿ ಕಿರಿದಾದ ಗುರುತು. ‘ರಾತ್ರಿ ಕಾಲು ಮಂಚದಿಂದ ಕೆಳಗ ಇಳಿಬಿಟ್ಟು ಮಲಗತೀರೇನು?’ ಎಂಬುದಕ್ಕೂ ಹೌದು ಅಂದರೆ ರೋಗ ಬಹಳ ಮುಂದೆ ಹೋಗಿದೆ. ವಯಸ್ಸಾಯಿತು, ವಾಯು ಹಿಡಿದಿದೆ ಎಂದು ಮನೆಯವರು ತಳ್ಳಿಹಾಕಿರುತ್ತಾರೆ. ಅದನ್ನು ಚರ್ಮದ ಡಾಕ್ಟರಿಗೆ ಹೇಳಬೇಕೆಂದು ರೋಗಿಗೂ ಅನಿಸಿರುವುದಿಲ್ಲ.

ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಇದ್ದರೆ ಹಿಮ್ಮಡಿಗಂಟಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ. 1ರಿಂದ 1.4ರವರೆಗೆ ಬಂದರೆ ಸರಿ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿದೆ. 0.4ಕ್ಕಿಂತ ಕೆಳಗಿಳಿದರೆ ಅಂದೇ ಕಳಿಸಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿಯ ಗೋಡೆ ಸುಣ್ಣಗಟ್ಟಿ ಗಡುಸಾಗಿರುತ್ತದೆ, ಪಟ್ಟಿ ಬಿಗಿದರೂ ಒತ್ತಿಕೊಳ್ಳುವುದಿಲ್ಲ. ಅವರಲ್ಲಿ ಅಂಕಿ 1.4 ದಾಟಿ ಬಂದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳದೆ ಕಾಲಿನ ಕಲರ್ ಡಾಪ್ಲರ್ ಮಾಡಿಸಿ.

4. ಬೀಡಿಯ ಪ್ರಶ್ನೆ ಕೇಳುವ ರೀತಿ ಬೇರೆ

‘ಸಿಗರೇಟ್ ಸೇದ್ತೀರಾ?’ ಎಂದರೆ ಅತನೂರಿನ ರೈತ ‘ಇಲ್ರಿ’ ಎನ್ನುತ್ತಾನೆ. ಅದು ಸುಳ್ಳಲ್ಲ, ಅವನು ಸೇದುವುದು ಬೀಡಿ. ‘ದಿನಕ್ಕ ಎಷ್ಟು ಕಟ್ಟು ಆಗತಾವ?’ ಎಂದು ಕೇಳಿ. ಬಿಟ್ಟೆ ಎಂದರೆ ಯಾವಾಗ ಬಿಟ್ಟಿರಿ ಎಂದೂ ಕೇಳಿ. ಪಕ್ಕದಲ್ಲಿ ನಿಂತ ಹೆಂಡತಿಯ ಮುಖ ನೋಡಿದರೆ ಸರಿಯಾದ ಉತ್ತರ ಅಲ್ಲಿರುತ್ತದೆ.

ಈ ಚರ್ಮರೋಗದ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಧೂಮಪಾನ. ಹೊಗೆ ರಕ್ತನಾಳವನ್ನು ಮುದುಡಿಸುತ್ತದೆ, ಒಳಗೋಡೆಯನ್ನು ಕೆಡಿಸುತ್ತದೆ, ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಆಮ್ಲಜನಕದ ಜಾಗವನ್ನು ಇಂಗಾಲದ ಮಾನಾಕ್ಸೈಡಿನಿಂದ ತುಂಬುತ್ತದೆ. ನಮ್ಮ ಕಡೆ ಇನ್ನೊಂದು ರೋಗವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ, ಅವರ ಹೆಸರಿನಲ್ಲೇ ಇರುವ ಬರ್ಗರ್ ಕಾಯಿಲೆ. ಇನ್ನೂ ನಲವತ್ತೈದು ದಾಟದ ಗಂಡಸರ ಬೆರಳು ಕಪ್ಪಗಾಗಿ ಉದುರುವ ರೋಗ ಅದು. ಅದರ ಹಿಂದೆ ಹೆಚ್ಚು ಕಡಿಮೆ ಯಾವಾಗಲೂ ತಂಬಾಕು ಇರುತ್ತದೆ. ತಂಬಾಕು ಪೂರ್ತಿ ನಿಲ್ಲದ ಹೊರತು ಅದಕ್ಕೆ ಬೇರೆ ಯಾವ ಔಷಧವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಲದ ಮನೆಯ ದುಡಿಯುವ ಕೈಯೇ ಹೀಗೆ ಹೋಗುವುದನ್ನು ನೋಡಿದಾಗ ನನಗೆ ಆಗುವ ಸಂಕಟ ಹೇಳತೀರದು.

ಹೆಂಗಸರನ್ನು ಬಿಡಬೇಡಿ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರುಗಳಲ್ಲಿ ಹಲ್ಲಿಗೆ ಮಿಶ್ರಿ ತಿಕ್ಕುವ ತಾಯಂದಿರಿದ್ದಾರೆ. ಅದು ಸುಟ್ಟ ತಂಬಾಕಿನ ಪುಡಿ ಎಂದು ಅವರಲ್ಲಿ ಅನೇಕರಿಗೆ ಅನಿಸುವುದೇ ಇಲ್ಲ, ಹಲ್ಲಿನ ಪುಡಿ ಎಂದೇ ಲೆಕ್ಕ. ಸುಣ್ಣ ತಿಕ್ಕಿದ ತಂಬಾಕು, ಗುಟ್ಕಾ ಇವನ್ನೂ ಕೇಳಬೇಕು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಬೇರೆ ಬೇರೆ ಮಾರಾಟಕ್ಕೆ ಬಂದವು. ಬಾಯಿಯಲ್ಲಿ ಸೇರುವುದು ಒಂದೇ.

ಬಿಡಿಸುವ ಮಾತು ಹೆದರಿಕೆಯ ಮಾತಾಗಬಾರದು. ಕ್ಯಾನ್ಸರ್ ಬರುತ್ತದೆ ಎಂದು ಎಲ್ಲರೂ ಹೇಳಿ ಅವರ ಕಿವಿ ದಡ್ಡುಗಟ್ಟಿದೆ. ನಾನು ಅವರ ಕೈಯನ್ನು ಅವರದೇ ಪಾದದ ಮೇಲಿಟ್ಟು ಎಲ್ಲಿ ಮಿಡಿತ ಇರಬೇಕಿತ್ತು, ಎಲ್ಲಿ ಇಲ್ಲ ಎಂದು ತೋರಿಸುತ್ತೇನೆ. ಮಗನ ಪಾದದಲ್ಲಿ ಅದೇ ಮಿಡಿತವನ್ನು ಮುಟ್ಟಿ ನೋಡಲು ಹೇಳುತ್ತೇನೆ. ಅಷ್ಟಕ್ಕೇ ಬೀಡಿ ಎಸೆದು ಹೋದವರಿದ್ದಾರೆ. ಮತ್ತೆ ಹಿಡಿದವರೂ ಇದ್ದಾರೆ, ಅವರಿಗೆ ನಿಕೋಟಿನ್ ಗಮ್ಮು, ಆಪ್ತಸಲಹೆ, ಪದೇ ಪದೇ ಭೇಟಿ ಬೇಕು. ಧೂಮಪಾನ ನಿಂತದ್ದರಿಂದಲೇ ಮಚ್ಚೆ ಇಳಿದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಯಾವ ಮುಲಾಮಿಗೂ ಇಷ್ಟು ಗಟ್ಟಿ ಆಧಾರವಿಲ್ಲ.

5. ಹೆಣ್ಣುಮಕ್ಕಳು ತೋರಿಸದ ಜಾಗದಲ್ಲೂ ಇದು ಬರುತ್ತದೆ

ಸ್ತನದ ಮೇಲೆ, ಅದರಲ್ಲೂ ಭಾರವಾದ ಸ್ತನದ ಕೆಳಭಾಗದಲ್ಲಿ ಈ ಮಚ್ಚೆ ಬರುವುದನ್ನು ಹಲವರು ವರದಿ ಮಾಡಿದ್ದಾರೆ. ಹೆಚ್ಚಿನವರು ನಡುವಯಸ್ಸಿನವರು, ಮೈತೂಕ ಹೆಚ್ಚಿರುವವರು, ಧೂಮಪಾನ, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು. ಭಾರಕ್ಕೆ ಅಂಗಾಂಶ ಜಗ್ಗಿ ಸಣ್ಣ ನಾಳಗಳಲ್ಲಿ ರಕ್ತ ಸಾಲದಾಗುತ್ತದೆ ಎಂಬುದು ಸದ್ಯದ ವಿವರಣೆ. ಮಚ್ಚೆ ಕೆಂಪೇರಿ, ಬಲೆಯಂತೆ ಹರಡಿ, ನಡುವೆ ಹುಣ್ಣಾಗುತ್ತದೆ. ರವಿಕೆ ತಾಗಿದರೂ ನೋವು.

ನಮ್ಮ ಹೆಣ್ಣುಮಕ್ಕಳು ಇದನ್ನು ಗಂಡನಿಗೂ ಹೇಳುವುದಿಲ್ಲ. ಸೆರಗಿನ ಕೆಳಗೆ ಹಳೆಯ ಪತ್ತಲದ ಮೆತ್ತನೆಯ ಅರಿವೆ ಮಡಚಿ ಇಟ್ಟುಕೊಂಡು ತೊಗರಿ ಹೊಲಕ್ಕೆ ಹೋಗುತ್ತಾರೆ. ಕೊಯ್ಲಿನ ದಿನಗಳಲ್ಲಂತೂ ತಮ್ಮ ಮೈಯ ಕಡೆ ನೋಡಿಕೊಳ್ಳಲು ಅವರಿಗೆ ಹೊತ್ತೇ ಇರುವುದಿಲ್ಲ. ಹುಣ್ಣಿನ ವಾಸನೆ ಬಂದ ಮೇಲೆ ಯಾರಿಗೋ ತಿಳಿಯುತ್ತದೆ. ಆಶಾ ಕಾರ್ಯಕರ್ತೆಯರಿಗೆ ನಾನು ಹೇಳುವುದಿಷ್ಟು. ಬಿ.ಪಿ. ನೋಡಲು ಹೋದಾಗ ‘ಅಕ್ಕಾ, ಎದಿಗೆ ಏನರ ಗಂಟು, ಹುಣ್ಣು, ಉರಿ ಅದಾವೇನು?’ ಎಂದು ಒಂದು ಮಾತು ಸೇರಿಸಿ. ಇದನ್ನು ಅತ್ತೆಯ ಎದುರಿಗೆ ಕೇಳಬೇಡಿ, ನೀರಿಗೆ ಹೋಗುವಾಗ ಕೇಳಿ.

ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು, ಪರದೆ ಇರಬೇಕು. ಇವಿಲ್ಲದೆ ಒಬ್ಬ ತಾಯಿ ಅರ್ಧ ತೋರಿಸಿ ಎದ್ದು ಹೋದರೆ ಮತ್ತೆ ಬರುವುದಿಲ್ಲ.

ಇಲ್ಲಿ ಅವಸರದ ತೀರ್ಮಾನ ಎರಡೂ ಕಡೆ ಅಪಾಯ. ಸ್ತನದ ಚರ್ಮ ಕೆಂಪಗೆ ಗಟ್ಟಿಯಾಗುವ ಉರಿಯೂತದ ಕ್ಯಾನ್ಸರ್ ಇದೆ. ಆಂಜಿಯೊಸಾರ್ಕೋಮ ಎಂಬ ರಕ್ತನಾಳದ ಕ್ಯಾನ್ಸರೂ ಇದೆ, ಅದು ಸ್ತನಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ವರ್ಷಗಳ ನಂತರ ಬರಬಹುದು. ಹಾಗಾಗಿ ಬಯಾಪ್ಸಿ ಮತ್ತು ಸ್ತನದ ಸ್ಕ್ಯಾನ್ ಆಗದೆ ‘ಏನೂ ಇಲ್ಲ’ ಅನ್ನಬಾರದು. ‘ಕ್ಯಾನ್ಸರ್’ ಎಂದು ಹೇಳಿ ಆ ಮನೆಯ ದೀಪ ಆರಿಸಲೂಬಾರದು. ಅನುಮಾನ ಉಳಿದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತುವ ಮೊದಲು ಅಲ್ಲಿ ತೋರಿಸಬಹುದು. ಕ್ಯಾನ್ಸರ್ ಅಲ್ಲ, ರಕ್ತನಾಳದ ಈ ರೋಗವೇ ಎಂದು ಖಚಿತವಾದರೆ, ಬಹಳ ಕಷ್ಟಪಡುತ್ತಿರುವವರಲ್ಲಿ ಸ್ತನದ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯಿಂದ ಗುಣ ಕಂಡ ವರದಿಗಳಿವೆ.

6. ಬಯಾಪ್ಸಿಗೆ ಮೊದಲು ನಾಡಿ, ಬಯಾಪ್ಸಿಯ ಜೊತೆಗೆ ಪತ್ರ

ಕಣ್ಣಳತೆಯಲ್ಲಿ ಈ ರೋಗವನ್ನು ಖಚಿತಪಡಿಸಲಾಗದು. ಚರ್ಮದ ಚೂರು ಬೇಕೇ ಬೇಕು. ಆದರೆ ರಕ್ತವೇ ಹೋಗದ ಕಾಲಿನಲ್ಲಿ ನಾವು ಕೊರೆದ ಸಣ್ಣ ತೂತೇ ಮಾಯದ ಹುಣ್ಣಾಗಬಲ್ಲದು. ಅದಕ್ಕೇ ನಾಡಿ ಮತ್ತು ಡಾಪ್ಲರ್ ಮೊದಲು, ಪಂಚ್ ಬಯಾಪ್ಸಿ ನಂತರ. ಚೂರನ್ನು ಹುಣ್ಣಿನ ನಡುವಿನಿಂದ ತೆಗೆಯಬೇಡಿ, ಅಲ್ಲಿ ಸತ್ತ ಅಂಗಾಂಶ ಮಾತ್ರ ಇರುತ್ತದೆ. ಉಬ್ಬಿದ ಅಂಚಿನಿಂದ, ಕೊಬ್ಬಿನ ಪದರದವರೆಗೆ ಆಳವಾಗಿ ತೆಗೆಯಿರಿ. ಮೇಲುಮೇಲಿನ ಚೂರು ರೋಗಶಾಸ್ತ್ರಜ್ಞರಿಗೂ ಪ್ರಯೋಜನವಿಲ್ಲ.

ಫಾರ್ಮಲಿನ್ ಶೀಸೆಯ ಜೊತೆ ಪತ್ರ ಹೋಗಬೇಕು. ‘ಚರ್ಮದ ಮಚ್ಚೆ, ವರದಿ ಕೊಡಿ’ ಎಂಬ ಒಂದು ಸಾಲಿನ ಚೀಟಿ ಸಾಲದು. ವಯಸ್ಸು, ಎಷ್ಟು ತಿಂಗಳಿಂದ, ನೋವು, ಬೀಡಿ, ಸಕ್ಕರೆ ಕಾಯಿಲೆ, ಯಾವ ನಾಡಿ ಸಿಗುತ್ತಿಲ್ಲ, ಡಯಾಲಿಸಿಸ್ ಇದೆಯೇ, ಎಲ್ಲ ಬರೆಯಿರಿ. ಏಕೆಂದರೆ ಸೂಕ್ಷ್ಮದರ್ಶಕದ ಕೆಳಗೆ ಇದು ಕಪೋಸಿ ಸಾರ್ಕೋಮದಂತೆಯೂ ಆಂಜಿಯೊಸಾರ್ಕೋಮದ ಆರಂಭದಂತೆಯೂ ಕಾಣಬಲ್ಲದು. ಸಿಡಿ 31, ಸಿಡಿ 34 ಎಂಬ ಬಣ್ಣಗಳು ಇವು ರಕ್ತನಾಳದ ಕೋಶಗಳೇ ಎಂದಷ್ಟೇ ಹೇಳುತ್ತವೆ, ಒಳ್ಳೆಯದೋ ಕೆಟ್ಟದ್ದೋ ಹೇಳುವುದಿಲ್ಲ. ಕೋಶಗಳ ಆಕಾರ ಕೆಟ್ಟಿಲ್ಲ, ಎಚ್‌ಎಚ್‌ವಿ 8 ಎಂಬ ವೈರಸ್ ಇಲ್ಲ ಎಂಬುದು ನೆಮ್ಮದಿ ಕೊಡುವ ಉತ್ತರ. ಕಪೋಸಿ ಸಾರ್ಕೋಮವನ್ನು ವಿಯೆನ್ನಾದ ಮೊರಿಟ್ಜ್ ಕಪೋಸಿ ವಿವರಿಸಿದ್ದು 1872ರಲ್ಲಿ. ಅದರ ಹಿಂದಿನ ಈ ವೈರಸ್ಸನ್ನು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಪತ್ತೆ ಮಾಡಿದ್ದು 1994ರಲ್ಲಿ, ನಮ್ಮ ಈ ರೋಗಕ್ಕೆ ಬೇರೆ ಹೆಸರು ಬಂದ ವರ್ಷವೇ. ಆ ವೈರಸ್ಸಿನ ಪರೀಕ್ಷೆ ಇರದಿದ್ದರೆ ಎರಡನ್ನೂ ಬೇರ್ಪಡಿಸುವುದು ಇಂದಿಗೂ ಬಹಳ ಕಷ್ಟವಾಗುತ್ತಿತ್ತು.

ಕಾಲಿನ ಸಿರೆಗಳು ಗಂಟುಗಂಟಾಗಿ ಉಬ್ಬಿದವರಲ್ಲಿ ಪಾದದ ಸುತ್ತ ಕಂದು-ನೇರಳೆ ಮಚ್ಚೆ ಬರುವ ಇನ್ನೊಂದು ರೋಗವಿದೆ. ಅದಕ್ಕೆ ಹುಸಿ ಕಪೋಸಿ ಎಂದೇ ಕರೆಯುವ ವಾಡಿಕೆ. ಅದಕ್ಕೆ ಬಿಗಿಪಟ್ಟಿ ಕಟ್ಟಿದರೆ ಗುಣ. ಅಪಧಮನಿ ಕಟ್ಟಿದ ಕಾಲಿಗೆ ಅದೇ ಬಿಗಿಪಟ್ಟಿ ಕಟ್ಟಿದರೆ ಕಾಲೇ ಹೋದೀತು. ಇದಕ್ಕೂ ನಾಡಿ ಮೊದಲು.

7. ಮೆಡಿಕಲ್ ಅಂಗಡಿಯ ಟ್ಯೂಬು, ಮನೆಯ ಬರೆ

2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಕೊಡಬಾರದ ಪಟ್ಟಿಗೆ ಸೇರಿಸಿತು. ಆದರೂ ‘ಹುಳಕಡ್ಡಿ ಔಷಧ’ ಎಂದು ಕೇಳಿದರೆ ಸ್ಟೆರಾಯ್ಡ್ ಬೆರೆತ ಟ್ಯೂಬೇ ಕೈಗೆ ಬರುವುದುಂಟು. ಈ ಮಚ್ಚೆಗೆ ಅದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳುವಾಗಿ ಹುಣ್ಣು ಬೇಗ ಬಾಯಿ ಬಿಡುತ್ತದೆ. ಬರೆ ಹಾಕಿಸುವುದು, ಸುಣ್ಣ ಮೆತ್ತುವುದು, ಬಿಸಿ ಇಟ್ಟಿಗೆಯಿಂದ ಕಾಸುವುದು ಬೇಡವೇ ಬೇಡ. ರಕ್ತ ಹರಿಯದ ಕಾಲು ಸುಟ್ಟರೆ ಮಾಯುವ ಶಕ್ತಿ ಅದಕ್ಕಿಲ್ಲ, ಜೊತೆಗೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಹೋಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ.

8. ಡಯಾಲಿಸಿಸ್ ಕೈಯನ್ನು ಬಟ್ಟೆ ಸರಿಸಿ ನೋಡಿ

2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ನಂತರ ಡಯಾಲಿಸಿಸ್ ಜಿಲ್ಲಾ ಆಸ್ಪತ್ರೆಗಳವರೆಗೆ ಬಂದಿದೆ. ಬದುಕುಳಿದವರು ಹೆಚ್ಚಿದಂತೆ, ಡಯಾಲಿಸಿಸ್‌ಗಾಗಿ ಅಪಧಮನಿಯನ್ನು ಸಿರೆಗೆ ಜೋಡಿಸಿ ಫಿಸ್ಟುಲಾ ಮಾಡಿದ ಕೈಗಳೂ ಹೆಚ್ಚಿವೆ. ಫಿಸ್ಟುಲಾ ಕೆಲವೊಮ್ಮೆ ಮುಂಗೈಗೆ, ಬೆರಳಿಗೆ ಹೋಗಬೇಕಾದ ರಕ್ತವನ್ನು ಸೆಳೆದುಕೊಳ್ಳುತ್ತದೆ, ಅಲ್ಲಿಯೂ ಈ ಮಚ್ಚೆ ಏಳಬಹುದು. ಕೈ ತಣ್ಣಗಾಗಿದೆ, ಬೆರಳು ನೋಯುತ್ತದೆ ಎಂದರೆ ಫಿಸ್ಟುಲಾ ಮಾಡಿದ ಶಸ್ತ್ರವೈದ್ಯರಿಗೇ ತೋರಿಸಬೇಕು. ಕಿಡ್ನಿ ರೋಗಿಯ ತೊಡೆ, ಹೊಟ್ಟೆಯ ಮೇಲೆ ಅತಿಯಾಗಿ ನೋಯುವ, ಬೇಗ ಕಪ್ಪಗಾಗುವ ಗಟ್ಟಿ ಮಚ್ಚೆ ಬಂದರೆ ಅದು ಕ್ಯಾಲ್ಸಿಫಿಲ್ಯಾಕ್ಸಿಸ್ ಇರಬಹುದು. ಅದು ಜೀವಕ್ಕೇ ಅಪಾಯ.

9. ಮಗುವಿನ ಮಚ್ಚೆಗೆ ಬೇರೆ ಲೆಕ್ಕ

ಎಳೆಯ ಮಕ್ಕಳ ಕುತ್ತಿಗೆ, ಭುಜ, ಬೆನ್ನಿನ ಮೇಲೆ ನೋಯುವ ಕೆಂಪು ಉಬ್ಬು ಮಚ್ಚೆ ಬಂದರೆ ನಾನು ಬೀಡಿ, ನಾಡಿಯ ದಾರಿ ಹಿಡಿಯುವುದಿಲ್ಲ. ಟಫ್ಟೆಡ್ ಆಂಜಿಯೋಮ ಎಂಬುದೊಂದಿದೆ. ಮಚ್ಚೆಯ ಮೇಲೆ ನವಿರು ಕೂದಲು ಅಥವಾ ಅಲ್ಲಿ ಮಾತ್ರ ಬೆವರು ಕಂಡರೆ ಅದರ ಅನುಮಾನ ಹೆಚ್ಚುತ್ತದೆ. ಅದೂ ಕ್ಯಾನ್ಸರ್ ಅಲ್ಲ, ಕೆಲವು ತಾನಾಗಿ ಇಳಿಯುತ್ತವೆ. ಆದರೆ ಮಚ್ಚೆ ದಿಢೀರನೆ ಊದಿ ಬಿಗಿದುಕೊಂಡರೆ, ಮೈಮೇಲೆ ಅಲ್ಲಲ್ಲಿ ರಕ್ತದ ಚುಕ್ಕೆ ಕಂಡರೆ ಅಂದೇ ಪ್ಲೇಟ್‌ಲೆಟ್ ಎಣಿಸಬೇಕು. ಕಸಬಾಕ್ ಮತ್ತು ಮೆರಿಟ್ 1940ರಲ್ಲಿ ವರದಿ ಮಾಡಿದ ಆ ತೊಡಕಿನಲ್ಲಿ ಗಡ್ಡೆಯೇ ಪ್ಲೇಟ್‌ಲೆಟ್‌ಗಳನ್ನು ನುಂಗುತ್ತದೆ. ಇದಕ್ಕೆ ಈಗ ಸಿರೋಲಿಮಸ್ ಎಂಬ ಔಷಧ ಕೊಡುತ್ತಾರೆ. ಅದು ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಯ ಕೆಲಸ.

10. ಚಿಕಿತ್ಸೆ ಎಂದರೆ ರಕ್ತ ಮುಟ್ಟಿಸುವುದು

ಕಟ್ಟಿಕೊಂಡ ಅಪಧಮನಿಯನ್ನು ಬಲೂನಿನಿಂದ ಬಿಡಿಸಿದರೆ ಅಥವಾ ಬೈಪಾಸ್ ಮಾಡಿದರೆ ಮಚ್ಚೆ ತಾನೇ ಇಳಿಯುತ್ತದೆ. ಎಷ್ಟೋ ರೋಗಿಗಳಿಗೆ ಇದು ನಂಬಲಾಗದ ಮಾತು. ಚರ್ಮದ ರೋಗಕ್ಕೆ ರಕ್ತನಾಳದ ಡಾಕ್ಟರು ಯಾಕೆ ಎನ್ನುತ್ತಾರೆ. ಅವರನ್ನು ಒಪ್ಪಿಸಲು ಹೊತ್ತು ಕೊಡಬೇಕು, ಮಗನನ್ನೋ ಅಳಿಯನನ್ನೋ ಕೂರಿಸಿಕೊಂಡು ಚಿತ್ರ ಬರೆದು ತೋರಿಸಬೇಕು.

ಮಾತ್ರೆಗಳಲ್ಲಿ ಆಸ್ಪಿರಿನ್, ಪೆಂಟಾಕ್ಸಿಫಿಲಿನ್ ಬಳಕೆಯಲ್ಲಿವೆ. ಐಸೊಟ್ರೆಟಿನಾಯಿನ್, ಸ್ಟೆರಾಯ್ಡ್ ಮಾತ್ರೆ ಕೆಲವರಲ್ಲಿ ಕೆಲಸ ಮಾಡಿವೆ. ರೋಗ ವಿರಳವಾದ್ದರಿಂದ ಇವೆಲ್ಲ ಒಬ್ಬೊಬ್ಬ ರೋಗಿಯ ಅನುಭವದಿಂದ ಬಂದ ಮಾತುಗಳು. ಐಸೊಟ್ರೆಟಿನಾಯಿನ್ ಬಸಿರಿನ ಮಗುವಿನ ಅಂಗಗಳನ್ನು ಕೆಡಿಸುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಬಸಿರಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಕೊಡುವಂತಿಲ್ಲ, ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಮಾತ್ರೆ ಬಿಟ್ಟವರಿಗೆ ಅವನ್ನು ಮೊದಲು ಮರಳಿ ಹಚ್ಚಬೇಕು. ಕಾಲಿನ ನಾಳ ಕಟ್ಟಿದವರ ಹೃದಯದ ನಾಳವೂ ಕಟ್ಟಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಕಲಬುರಗಿಯ ಜಯದೇವ ಆಸ್ಪತ್ರೆ ಹತ್ತಿರದಲ್ಲೇ ಇದೆ.

ನೋವಿಗೆ ಔಷಧ ಕೊಡಲು ಜಿಪುಣತನ ಬೇಡ. ರಾತ್ರಿಯೆಲ್ಲ ಎದ್ದು ಕೂತ ಮನುಷ್ಯ ಬೀಡಿ ಬಿಡಲಾರ, ನಮ್ಮ ಮಾತು ಕೇಳಲಾರ. ಆದರೆ ಕಿಡ್ನಿ ಕೆಟ್ಟವರಿಗೆ ಡಿಕ್ಲೋಫೆನಾಕ್ ಸೂಜಿ ಬೇಡ.

ಖರ್ಚಿನ ಮಾತು ಬಿಟ್ಟರೆ ಉಳಿದದ್ದೆಲ್ಲ ಬರೀ ಉಪದೇಶವಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮುಖ್ಯ. ಆದ್ದರಿಂದ ಮೊದಲು ತಾಲೂಕು ಆಸ್ಪತ್ರೆ, ಅಲ್ಲಿಂದ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆ ಎಂಬ ದಾರಿ ಹಿಡಿಯಿರಿ. ಅಫಜಲಪುರದವರು ರೂಢಿಯಿಂದ ಸೊಲ್ಲಾಪುರಕ್ಕೆ ಹೋಗುತ್ತಾರೆ. ಹೋಗಬಾರದೆಂದಿಲ್ಲ, ಆದರೆ ಗಡಿ ದಾಟುವ ಮೊದಲು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿ. ಎಮ್ಮೆ ಮಾರಿ, ಹೊಲ ಅಡವಿಟ್ಟು ಕಟ್ಟಿದ ಹಣ ಮರಳಿ ಬರುವುದಿಲ್ಲ.

11. ಕಾಗದ ಮತ್ತು ಫೋಟೋ ರೋಗಿಯ ಕೈಯಲ್ಲೇ ಇರಲಿ

ನಮ್ಮ ಮೂರೂ ತಾಲೂಕಿನಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರು ಬಹಳ. ಮಚ್ಚೆ ಊರಲ್ಲಿ ಶುರುವಾಗುತ್ತದೆ, ಹುಣ್ಣು ಪುಣೆಯ ಕಟ್ಟಡದ ಕೆಲಸದಲ್ಲಿ ಆಗುತ್ತದೆ, ಪಂಚಮಿಗೆ ಊರಿಗೆ ಬಂದಾಗ ನಮಗೆ ತೋರಿಸುತ್ತಾರೆ. ಬಯಾಪ್ಸಿ ವರದಿ ಎಲ್ಲಿದೆ ಎಂದರೆ ಖೋಲಿಯಲ್ಲೇ ಉಳಿಯಿತು ಎನ್ನುತ್ತಾರೆ, ಮತ್ತೆ ಅದೇ ಕಾಲನ್ನು ಕೊರೆಯಬೇಕಾಗುತ್ತದೆ. ಹಾಗಾಗಿ ವರದಿಯ ಫೋಟೋ ತೆಗೆದು ರೋಗಿಯ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇಡಿಸುತ್ತೇನೆ. ಮಚ್ಚೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು, ಬೆಳಗಿನ ಬೆಳಕಿನಲ್ಲಿ, ತಿಂಗಳಿಗೊಮ್ಮೆ ಫೋಟೋ ತೆಗೆಯಲು ಮಗಳಿಗೋ ಮೊಮ್ಮಗನಿಗೋ ಕಲಿಸುತ್ತೇನೆ. ಬೆಳೆಯಿತೋ ಕುಗ್ಗಿತೋ ಎಂಬ ಜಗಳಕ್ಕೆ ಅದರಿಂದ ತೆರೆ ಬೀಳುತ್ತದೆ. ಸ್ತನದ ಮಚ್ಚೆಯ ಫೋಟೋ ಮಾತ್ರ ಆ ತಾಯಿ ಬೇಡ ಎಂದರೆ ಬೇಡ.

ಕೆಲವು ಲಕ್ಷಣಗಳನ್ನು ಸಂತೆಯ ದಿನಕ್ಕೆಂದು, ಗಾಣಗಾಪುರಕ್ಕೆ ಹೋಗಿಬಂದ ಮೇಲೆಂದು ಮುಂದೆ ಹಾಕಬಾರದು. ಬೆರಳು ನೀಲಿಯಾಗುವುದು ಅಥವಾ ಕಪ್ಪಗಾಗುವುದು, ಕಾಲು ಒಮ್ಮೆಲೇ ತಣ್ಣಗಾಗಿ ಬಿಳಿಚುವುದು, ಹುಣ್ಣಿನಿಂದ ವಾಸನೆ ಮತ್ತು ಜೊತೆಗೆ ಜ್ವರ, ನಿಲ್ಲದ ರಕ್ತ, ಮಚ್ಚೆಯೊಳಗೆ ಬೇಗ ಬೆಳೆಯುವ ಗಂಟು. ಇವುಗಳಲ್ಲಿ ಒಂದು ಕಂಡರೂ ಅದು ರಾತ್ರಿಯಾಗಲಿ ಹಬ್ಬವಾಗಲಿ 108ಕ್ಕೆ ಕರೆ ಮಾಡಿ.